ಬಸ್ ಸ್ಟಾಪ್ ಚುಕ್ಕೆ ರಸ್ತೆಯ ಯಾವ ಕಡೆ ಇದೆ?

ಬಸ್ಸು, ಟ್ರಾಮು, ರೈಲು ಇವುಗಳ ಸ್ಟಾಪ್ ಡೇಟಾನ ಬ್ರೌಸರ್‌ನಲ್ಲೇ ಮ್ಯಾಪ್ ಮೇಲೆ ತೋರಿಸೋ ಒಂದು ವ್ಯೂವರ್ ಮೇಲೆ ಬಿಡುವಾದಾಗೆಲ್ಲ ಕೆಲಸ ಮಾಡ್ತಾ ಇದೀನಿ. ಮೊದಲ ವರ್ಶನ್ ತೀರಾ ಸರಳ, ಫೈಲ್ ಕೊಟ್ರೆ ಚುಕ್ಕೆಗಳು ಬರೋವು, ಚುಕ್ಕೆ ಒತ್ತಿದ್ರೆ ಹೆಸರು ಬರೋದು, ಅಷ್ಟೇ. ಅದನ್ನ ಇನ್ನೂ ಚೆನ್ನಾಗಿ ಮಾಡ್ಬೇಕು ಅಂತ ಕೂತಾಗ ಮೊದಲು ಕೇಳ್ಕೊಂಡಿದ್ದು ಇದನ್ನ ತೆಗೆದು ನೋಡೋರು ಯಾರು ಅಂತ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋಕೆ ದಾರಿ ಹುಡುಕೋರಿಗೆ ಬೇರೆ ಆಪ್‌ಗಳಿವೆ, ಅವರು ಇಲ್ಲಿಗೆ ಬರಲ್ಲ. ಸ್ಟಾಪ್ ಡೇಟಾನ ಹಾಗೇ ಮ್ಯಾಪ್ ಮೇಲೆ ಹರಡಿ ನೋಡೋರು ಅಂದ್ರೆ ಸಾರಿಗೆ ಸಂಸ್ಥೆಗಳಲ್ಲಿ ಆ ಫೈಲ್ ತಯಾರು ಮಾಡೋರು, ಯಾರು ಬೇಕಾದ್ರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಮ್ಯಾಪ್‌ಗೆ ಸ್ಟಾಪ್ ಸೇರಿಸೋರು, ಆಮೇಲೆ ಆ ರಸ್ತೆಯಲ್ಲೇ ದಿನಾ ಓಡಾಡಿ ಅಲ್ಲಿ ಏನಿದೆ ಅಂತ ಚೆನ್ನಾಗಿ ಗೊತ್ತಿರೋ ಜನ. ಇವರೆಲ್ಲರಿಗೂ ಬೇಕಾಗಿರೋದು ಒಂದೇ ಪ್ರಶ್ನೆಗೆ ಉತ್ತರ: ಈ ಸ್ಟಾಪ್ ನಿಜವಾಗ್ಲೂ ಇಲ್ಲಿದ್ಯಾ, ರಸ್ತೆಯ ಈ ಕಡೇನೇ ಇದ್ಯಾ, ಹಾಗಂತ ಹೇಳ್ತಿರೋದು ಯಾರ ಡೇಟಾ? ಅಲ್ಲಿಂದ ಮುಂದೆ ಪ್ರತಿಯೊಂದು ಬದಲಾವಣೆನೂ ಈ ಪ್ರಶ್ನೆ ಇಟ್ಕೊಂಡೇ ಅಳೀತಿದೀನಿ, ತಪ್ಪು ಬೇಗ ಕಣ್ಣಿಗೆ ಬೀಳೋ ಹಾಗೆ ಮಾಡಿದ್ರೆ ಇರಲಿ, ಬರೀ ಚೆಂದ ಕಾಣ್ಸತ್ತೆ ಅಷ್ಟೇ ಅಂದ್ರೆ ಬೇಡ.

ಡೇಟಾ ಬಗ್ಗೆ ಸ್ವಲ್ಪ ಹೇಳ್ಬಿಡ್ತೀನಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಜಗತ್ತಿನ ತುಂಬಾ ಸಾರಿಗೆ ಸಂಸ್ಥೆಗಳು ತಮ್ಮ ವೇಳಾಪಟ್ಟಿ ಹೊರಗೆ ಕೊಡೋದು ಜಿಟಿಎಫ್‌ಎಸ್ ಅನ್ನೋ ಫಾರ್ಮ್ಯಾಟ್‌ನಲ್ಲಿ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಸಾರಿಗೆ ಸಂಸ್ಥೆ ಟ್ರೈಮೆಟ್ ಮತ್ತು ಗೂಗಲ್ ಸೇರ್ಕೊಂಡು ಶುರು ಮಾಡಿದ್ದು ಇದು. ಒಂದು ಜಿಪ್ ಫೈಲು (ಇದನ್ನೇ ಫೀಡ್ ಅಂತಾರೆ), ಒಳಗೆ ಕಾಮಾ ಹಾಕಿ ಬೇರ್ಪಡಿಸಿದ ಒಂದಷ್ಟು ಟೆಕ್ಸ್ಟ್ ಫೈಲುಗಳು, ಅದರಲ್ಲಿ ಸ್ಟಾಪ್ಸ್ ಅನ್ನೋ ಫೈಲ್‌ನಲ್ಲಿ ಸ್ಟಾಪ್‌ಗೊಂದು ಸಾಲು. ಐಡಿ, ಹೆಸರು, ಅಕ್ಷಾಂಶ, ರೇಖಾಂಶ, ಅದರ ಜೊತೆ ಇದ್ರೂ ಇರಬಹುದು ಇಲ್ದೇನೂ ಇರಬಹುದು ಅನ್ನೋ ತರ ಇನ್ನೊಂದಷ್ಟು ಕಾಲಂಗಳು.

ಆ ಕಾಲಂಗಳಲ್ಲಿ ಲೊಕೇಶನ್ ಟೈಪ್ ಅಂತ ಒಂದಿದೆ, ಅದನ್ನ ಓದದೇ ಇರೋ ವ್ಯೂವರ್ ಎಷ್ಟೋ ಇವೆ. 0 ಅಥವಾ ಖಾಲಿ ಇದ್ರೆ ಜನ ಹತ್ತಿ ಇಳಿಯೋ ಸ್ಟಾಪ್ ಇಲ್ಲಾ ಪ್ಲಾಟ್‌ಫಾರ್ಮ್, 1 ಅಂದ್ರೆ ಅಂಥ ಹಲವು ಪ್ಲಾಟ್‌ಫಾರ್ಮ್ ಇರೋ ಸ್ಟೇಷನ್, 2 ಅಂದ್ರೆ ಬಾಗಿಲು, 3 ಅಂದ್ರೆ ಸ್ಟೇಷನ್ ಒಳಗಿನ ನಡೆದಾಡೋ ದಾರಿಯ ಒಂದು ಬಿಂದು, 4 ಅಂದ್ರೆ ಪ್ಲಾಟ್‌ಫಾರ್ಮ್ ಮೇಲೇ ಹತ್ತೋ ನಿರ್ದಿಷ್ಟ ಜಾಗ. ಇದೆಲ್ಲಾನೂ ಒಂದೇ ಬಣ್ಣದ ಒಂದೇ ಸೈಜಿನ ಚುಕ್ಕೆ ಮಾಡಿ ಹಾಕಿದ್ರೆ ದೊಡ್ಡ ಸ್ಟೇಷನ್ ಇರೋ ಕಡೆ ಒಂದು ರಾಶಿ ಬೀಳತ್ತೆ, ಯಾವುದು ಬಾಗಿಲು ಯಾವುದು ಪ್ಲಾಟ್‌ಫಾರ್ಮ್ ಅಂತ ತಿಳಿಯೋದೇ ಇಲ್ಲ. ಈಗ ದೂರದಿಂದ ನೋಡ್ದಾಗ ಸ್ಟೇಷನ್‌ಗಳು ಮತ್ತು ಯಾವ ಸ್ಟೇಷನ್‌ಗೂ ಸೇರದ ಒಂಟಿ ಸ್ಟಾಪ್‌ಗಳು ಮಾತ್ರ ಕಾಣ್ತವೆ, ಹತ್ತಿರ ಹೋದ ಹಾಗೆ ಪ್ಲಾಟ್‌ಫಾರ್ಮು, ಬಾಗಿಲು ಬೇರೆ ಬೇರೆ ಆಕಾರದಲ್ಲಿ ಬರ್ತವೆ, ಪ್ರತಿಯೊಂದರಿಂದ ಅದರ ಸ್ಟೇಷನ್‌ಗೆ ಒಂದು ತೆಳು ಗೆರೆ. ಈ ಗೆರೆ ಹಾಕಿದ್ದು ಸಣ್ಣ ಕೆಲಸ, ಆದ್ರೆ ಸಿಕ್ಕ ಲಾಭ ದೊಡ್ಡದು, ಯಾಕಂದ್ರೆ ಯಾವುದೋ ಸಾಲಿನಲ್ಲಿ ಪೇರೆಂಟ್ ಸ್ಟೇಷನ್ ಐಡಿ, ಅಂದ್ರೆ ಅದು ಸೇರಿರೋ ಸ್ಟೇಷನ್ನಿನ ಐಡಿ, ತಪ್ಪಿದ್ರೆ ಊರ ಈ ತುದಿಯಿಂದ ಆ ತುದಿಗೆ ಉದ್ದಕ್ಕೆ ಒಂದು ಗೆರೆ ಎದ್ದು ಕಾಣತ್ತೆ, ಹುಡುಕೋ ಶ್ರಮಾನೇ ಇಲ್ಲ.

ಇನ್ನು ರಸ್ತೆಯ ಯಾವ ಕಡೆ ಅನ್ನೋ ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ. ಜಿಟಿಎಫ್‌ಎಸ್‌ನ ಬೆಸ್ಟ್ ಪ್ರಾಕ್ಟೀಸ್ ಪಟ್ಟಿಯಲ್ಲಿ ಸ್ಟಾಪ್ ಇರೋ ನಿಜವಾದ ಜಾಗಕ್ಕೂ ಡೇಟಾದಲ್ಲಿರೋ ಜಾಗಕ್ಕೂ 4 ಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ಪ್ರಯಾಣಿಕರು ಹತ್ತೋ ಕಡೆಯ ಫುಟ್‌ಪಾತ್ ಹತ್ತಿರಾನೇ ಚುಕ್ಕೆ ಬೀಳಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಕಾರಣ ಗೊತ್ತಿರೋದೇ, ಚುಕ್ಕೆ ಎದುರು ಬದಿಗೆ ಹೋದ್ರೆ ದಾರಿ ತೋರಿಸೋ ಆಪ್ ಜನರನ್ನ ಎದುರು ಬದಿಗೇ ಕಳಿಸತ್ತೆ, ಬಸ್ಸು ಕಣ್ಣ ಮುಂದೇನೇ ಆಚೆ ಕಡೆಯಿಂದ ಹೋಗ್ಬಿಡತ್ತೆ. ಅಗಲವಾದ ರಸ್ತೆ, ಮಧ್ಯೆ ಡಿವೈಡರ್ ಇದ್ರೆ ಓಡಿ ದಾಟೋದೂ ಆಗಲ್ಲ. ಕಣ್ಣು ಕಾಣದವರು ಫೋನ್ ಹೇಳಿದ್ದನ್ನೇ ನಂಬಿ ನಿಂತಿರ್ತಾರೆ, ಅವರಿಗೆ ಈ ಹತ್ತಿಪ್ಪತ್ತು ಮೀಟರ್ ಅನ್ನೋದು ತುಂಬಾ ದೊಡ್ಡ ದೂರ.

ಇದನ್ನ ಮ್ಯಾಪ್ ಮೇಲೆ ನೋಡಿ ಹಿಡಿಯೋದು ಯಾಕೆ ಕಷ್ಟ ಅಂದ್ರೆ ಮ್ಯಾಪ್‌ನ ಲೆಕ್ಕಾನೇ ಹಂಗಿದೆ. ವೆಬ್ ಮ್ಯಾಪ್‌ನಲ್ಲಿ 256 ಪಿಕ್ಸೆಲ್ ಟೈಲ್ (ಮ್ಯಾಪನ್ನ ಕತ್ತರಿಸಿದ ಚೌಕ ತುಂಡು) ಲೆಕ್ಕದಲ್ಲಿ ಜೂಮ್ 14ಕ್ಕೆ ಭೂಮಧ್ಯ ರೇಖೆ ಹತ್ತಿರ ಒಂದು ಪಿಕ್ಸೆಲ್ ಅಂದ್ರೆ ಸುಮಾರು 9.5 ಮೀಟರ್, ಅಂದ್ರೆ 10 ಪಿಕ್ಸೆಲ್ ಅಗಲದ ಚುಕ್ಕೆ ಹೆಚ್ಚು ಕಡಿಮೆ 95 ಮೀಟರ್ ಜಾಗ ಮುಚ್ಚಿಬಿಡತ್ತೆ, ಎದುರುಬದುರು ಇರೋ ಎರಡು ಸ್ಟಾಪೂ ಅದರೊಳಗೇ ಹುದುಗೋಗ್ತವೆ. ಜೂಮ್ 16ಕ್ಕೆ ಪಿಕ್ಸೆಲ್‌ಗೆ ಸುಮಾರು 2.4 ಮೀಟರ್, ಜೂಮ್ 18ಕ್ಕೆ 0.6 ಮೀಟರ್. ಹಾಗಾಗಿ ಚುಕ್ಕೆ ಸೈಜನ್ನ ಜೂಮ್ ಜೊತೆ ಬದಲಾಯಿಸೋದು ಅಲಂಕಾರಕ್ಕೆ ಅಂತ ಅನ್ಕೋಬೇಡಿ, ಕಡಿಮೆ ಜೂಮ್‌ನಲ್ಲಿ 2 ಪಿಕ್ಸೆಲ್, 16 ದಾಟಿದ್ಮೇಲೆ ದೊಡ್ಡದು, ಮತ್ತೆ 18ರಲ್ಲಿ ತುಂಬಿದ ಚುಕ್ಕೆ ಬದಲು ಬರೀ ಉಂಗುರ, ಮಧ್ಯೆ ಒಂದು ಸಣ್ಣ ಬಿಂದು. ಉಂಗುರ ಇದ್ರೆ ಕೆಳಗಿನ ಫುಟ್‌ಪಾತೋ ರಸ್ತೆಯೋ ಕಾಣತ್ತೆ, ಬಿಂದು ನಿಖರವಾಗಿ ಎಲ್ಲಿ ಬಿದ್ದಿದೆ ಅಂತಾನೂ ಗೊತ್ತಾಗತ್ತೆ.

ಅದರ ಮೇಲೆ ದಿಕ್ಕು. ಬ್ರಿಟನ್ನಿನ ಸ್ಟಾಪ್ ಪಟ್ಟಿ ನ್ಯಾಪ್ಟಾನ್‌ನಲ್ಲಿ ರಸ್ತೆ ಬದಿಯ ಸ್ಟಾಪ್‌ಗಳಿಗೆ ಬೇರಿಂಗ್ ಅಂತ ಒಂದು ಫೀಲ್ಡೇ ಇದೆ, ಬಸ್ಸು ಅಲ್ಲಿಂದ ಯಾವ ದಿಕ್ಕಿಗೆ ಹೋಗತ್ತೆ ಅನ್ನೋದನ್ನ ಎಂಟು ದಿಕ್ಕುಗಳಲ್ಲಿ ಒಂದಾಗಿ ಕೊಟ್ಟಿರ್ತಾರೆ. ಜಿಟಿಎಫ್‌ಎಸ್ ಸ್ಟಾಪ್ ಫೈಲ್‌ನಲ್ಲಿ ಅಂಥದ್ದು ಇಲ್ಲ, ಲೆಕ್ಕ ಹಾಕಿ ತೆಗೀಬೇಕು. ಶೇಪ್ಸ್ ಅನ್ನೋ ಫೈಲ್‌ನಲ್ಲಿ ಬಸ್ಸು ಓಡೋ ದಾರಿ ಗೆರೆಯಾಗಿ ಇರತ್ತಲ್ಲ, ಸ್ಟಾಪ್‌ಗೆ ಅತೀ ಹತ್ತಿರ ಇರೋ ಆ ಗೆರೆಯ ತುಂಡು ಹಿಡಿದು ಅದು ಯಾವ ಕಡೆ ಹೋಗ್ತಿದೆ ನೋಡಿದ್ರೆ ದಿಕ್ಕು ಸಿಗತ್ತೆ, ಚುಕ್ಕೆಗೆ ಒಂದು ಬಾಣದ ಮೂತಿ ಅಂಟಿಸ್ಬೋದು. ಇಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋದ್ರೆ ನಿಜವಾದ ಪರೀಕ್ಷೆ ಮಾಡ್ಬೋದು: ವಾಹನಗಳು ಎಡಗಡೆ ಓಡೋ ದೇಶದಲ್ಲಿ ಸ್ಟಾಪು ಆ ಗೆರೆಯ ಎಡಕ್ಕೆ ಬೀಳಬೇಕು, ಬಲಗಡೆ ಓಡೋ ದೇಶದಲ್ಲಿ ಬಲಕ್ಕೆ. ಎಡಾನೋ ಬಲಾನೋ ಅನ್ನೋದು ಒಂದು ಸಣ್ಣ ಗುಣಾಕಾರದ ಪ್ಲಸ್ಸೋ ಮೈನಸ್ಸೋ ನೋಡಿದ್ರೆ ಆಯ್ತು. ತಿರುಗುಮುರುಗಾಗಿ ಬಿದ್ದಿರೋ ಸ್ಟಾಪ್‌ಗಳನ್ನ ಕಿತ್ತಳೆ ಬಣ್ಣದಲ್ಲಿ ತೋರಿಸ್ತೀನಿ.

ಇದು ಯಾವಾಗ್ಲೂ ಸರಿ ಹೇಳಲ್ಲ, ಎಲ್ಲಿ ನಂಬಬಾರದು ಅನ್ನೋದನ್ನೂ ವ್ಯೂವರ್ರೇ ಹೇಳ್ಬೇಕು ಅನ್ನೋದು ನನ್ನ ಹಟ. ದಾರಿಯ ಗೆರೆಯನ್ನ ಒರಟಾಗಿ ಎಳೆದಿದ್ರೆ ತಿರುವುಗಳಲ್ಲಿ ಸ್ಟಾಪು ಅನ್ಯಾಯವಾಗಿ ತಪ್ಪು ಕಡೆಗೆ ಬೀಳತ್ತೆ. ಟ್ರಾಮ್‌ಗಳಿಗೆ, ಪ್ರತ್ಯೇಕ ಬಸ್ ಲೇನ್ ಇರೋ ಕಡೆ ಪ್ಲಾಟ್‌ಫಾರ್ಮು ರಸ್ತೆ ಮಧ್ಯದಲ್ಲೇ ಇರಬಹುದು, ಅಲ್ಲಿ ಎಡಬಲದ ನಿಯಮಾನೇ ನಡೆಯಲ್ಲ. ದೊಡ್ಡ ಬಸ್ ಸ್ಟ್ಯಾಂಡ್ ಒಳಗೂ ಅಷ್ಟೇ. ಆದ್ದರಿಂದ ಸ್ಟಾಪು ಗೆರೆಗೆ ಎರಡು ಮೂರು ಮೀಟರ್ ಒಳಗಿದ್ರೆ ಯಾವ ತೀರ್ಪೂ ಕೊಡಲ್ಲ, ಪೇರೆಂಟ್ ಸ್ಟೇಷನ್ ಇರೋ ಸ್ಟಾಪ್‌ಗಳನ್ನ ಈ ಪರೀಕ್ಷೆಯಿಂದಾನೇ ಬಿಟ್ಟಿದೀನಿ, ಒಂದೇ ಸ್ಟಾಪನ್ನ ಬೇರೆ ಬೇರೆ ರೂಟುಗಳು ಎದುರು ದಿಕ್ಕಿನಲ್ಲಿ ಬಳಸಿದ್ರೆ ಬಾಣ ತೆಗೆದು ಬರೀ ಉಂಗುರ. ಆ ಕೊನೇದು ತಾನೇ ಒಂದು ಸುಳಿವು, ಎಷ್ಟೋ ಫೀಡ್‌ಗಳಲ್ಲಿ ಎರಡು ಬದಿಯ ಸ್ಟಾಪಿಗೂ ಸೇರಿ ಒಂದೇ ಸಾಲು ಬರೆದು ರಸ್ತೆ ಮಧ್ಯೆ ಚುಕ್ಕೆ ಇಟ್ಟಿರ್ತಾರೆ, ಅದು ಹೀಗೆ ಸಿಕ್ಕಿ ಬೀಳತ್ತೆ. ಶೇಪ್ಸ್ ಫೈಲ್ ಇಲ್ಲದ ಫೀಡ್‌ಗಳಲ್ಲಿ ಮುಂದಿನ ಸ್ಟಾಪ್ ಯಾವ ಕಡೆ ಇದೆ ಅಂತ ನೋಡಿ ಅಂದಾಜು ದಿಕ್ಕು ಕೊಡ್ತೀನಿ, ಬಾಣ ಮಸುಕಾಗಿರತ್ತೆ, ಎಡಬಲದ ತೀರ್ಪು ಇರಲ್ಲ. ಈ ಲೆಕ್ಕ ಎಲ್ಲಾ ಮೊದಲೇ ಒಂದ್ಸಲ ಓಡಿಸಿಟ್ಟಿರ್ಬೇಕು, ವೇಳಾಪಟ್ಟಿಯ ಫೈಲು ಜಿಟಿಎಫ್‌ಎಸ್‌ನಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದರಲ್ಲಿ ಒಂದು, ಅದನ್ನ ಜನರ ಫೋನ್‌ಗೆ ಇಳಿಸಿ ಅಲ್ಲಿ ಲೆಕ್ಕ ಮಾಡಿಸೋದು ಸರಿಯಲ್ಲ.

ದಶಮಾಂಶದ ಅಂಕಿಗಳು ಎಷ್ಟಿವೆ ಅನ್ನೋದನ್ನೂ ಪಾಪಪ್‌ನಲ್ಲಿ ಹಾಕ್ತಿದೀನಿ. ಅಕ್ಷಾಂಶದಲ್ಲಿ 5 ಅಂಕಿ ಇದ್ರೆ ಸುಮಾರು 1.1 ಮೀಟರ್ ತನಕ ಹೇಳ್ಬೋದು, 4 ಇದ್ರೆ 11 ಮೀಟರ್, 3 ಇದ್ರೆ 111 ಮೀಟರ್. ಇಡೀ ಫೀಡ್‌ನಲ್ಲಿ 4 ಅಂಕಿನೇ ಇದೆ ಅಂದ್ರೆ ಯಾವ ಸ್ಟಾಪೂ ರಸ್ತೆಯ ಸರಿಯಾದ ಬದಿಯಲ್ಲಿದೆ ಅಂತ ನಂಬೋ ಹಾಗಿಲ್ಲ, ಅದು ಯಾರೋ ಎಲ್ಲೋ ರೌಂಡ್ ಮಾಡಿದ್ರ ಪರಿಣಾಮ, ಒಂದೊಂದೇ ಸ್ಟಾಪ್ ತಿದ್ದೋಕೆ ಹೋಗೋ ಬದಲು ಮೂಲದಲ್ಲೇ ಸರಿ ಮಾಡಿ ಅಂತ ಕೇಳ್ಬೇಕು. ಇಲ್ಲಿ ಒಂದು ಎಚ್ಚರ, ಅಂಕಿ ಎಣಿಸೋದು ಫೈಲ್‌ನಲ್ಲಿರೋ ಅಕ್ಷರಗಳನ್ನ ನೋಡಿ ಎಣಿಸ್ಬೇಕು, ನಂಬರ್ ಆಗಿ ಬದಲಾಯಿಸಿದ ಕೂಡ್ಲೇ ಕೊನೆಯ ಸೊನ್ನೆಗಳು ಮಾಯ ಆಗ್ತವೆ. ಐಡಿಗಳಿಗೂ ಇದೇ ಮಾತು, ಮುಂದೆ ಸೊನ್ನೆ ಇರೋ ಐಡಿನ ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಸೇವ್ ಮಾಡಿದ್ರೆ ಸೊನ್ನೆ ಹೋಗಿ ವೇಳಾಪಟ್ಟಿಯ ಫೈಲ್ ಜೊತೆ ಹೊಂದೋದೇ ಇಲ್ಲ, ಆ ಸ್ಟಾಪಿಗೆ ಯಾವ ಬಸ್ಸೂ ಬರಲ್ಲ ಅನ್ನೋ ತರ ಕಾಣತ್ತೆ. ಯಾವ ಟ್ರಿಪ್ಪೂ ಇಲ್ಲದ ಸ್ಟಾಪ್‌ಗಳನ್ನ ಬೂದು ಬಣ್ಣ ಮಾಡಿದೀನಿ, ಒಂದು ಏರಿಯಾ ಪೂರ್ತಿ ಬೂದು ಇದ್ರೆ ಮೊದಲು ಐಡಿಗಳ ಸೊನ್ನೆ ಹೋಗಿದ್ಯಾ ನೋಡಿ.

ಗುಂಪು ಮಾಡಿ ಮಧ್ಯೆ ನಂಬರ್ ಬರೆಯೋ ಗುಳ್ಳೆಗಳು, ಅದೇ ಕ್ಲಸ್ಟರ್, ಅದನ್ನ ತೆಗೆದ್ಹಾಕಿದೀನಿ. ಮ್ಯಾಪ್ ಲೈಬ್ರರಿಗಳಲ್ಲಿ ಅದು ಸುಲಭವಾಗಿ ಸಿಗತ್ತೆ, ಎಲ್ಲರೂ ಹಾಕ್ತಾರೆ, ಆದ್ರೆ ಸ್ಟಾಪ್ ಡೇಟಾಗೆ ಅದರಿಂದ ನಷ್ಟಾನೇ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ. ಸ್ಟಾಪ್‌ಗಳು ರಸ್ತೆ ಉದ್ದಕ್ಕೂ ಪೋಣಿಸಿದ ಮಣಿಗಳ ಹಾಗೆ ಇರ್ತವೆ, ಆ ಸಾಲು ಕಣ್ಣಿಗೆ ಕಂಡ್ರೇನೇ ಮಧ್ಯದಲ್ಲಿ ಒಂದು ಕಾಣೆಯಾಗಿದೆ, ಇನ್ನೊಂದು ಸಾಲು ಬಿಟ್ಟು ಹೊರಗೆ ಹೋಗಿದೆ ಅಂತ ತಿಳಿಯೋದು. 47 ಅಂತ ಬರೆದಿರೋ ಗುಳ್ಳೆಯಿಂದ ಅದ್ಯಾವುದೂ ಗೊತ್ತಾಗಲ್ಲ. ಸಾವಿರಾರು ಚುಕ್ಕೆ ಒಟ್ಟಿಗೆ ಹಾಕಿದ್ರೆ ಬ್ರೌಸರ್ ನಿಧಾನ ಆಗತ್ತೆ ಅನ್ನೋದು ಕ್ಲಸ್ಟರ್‌ಗೆ ಕೊಡೋ ಕಾರಣ, ಅದು ಪ್ರತಿ ಚುಕ್ಕೆಗೂ ಪೇಜಿನಲ್ಲಿ ಒಂದೊಂದು ಚಿತ್ರ ಇಡೋ ಮಾರ್ಕರ್‌ಗಳಿಗೆ ನಿಜ. ಲೀಫ್‌ಲೆಟ್ ಅನ್ನೋ ಮ್ಯಾಪ್ ಲೈಬ್ರರಿಯಲ್ಲೇ ಮಾರ್ಕರ್ ಬಿಟ್ಟು ಕ್ಯಾನ್ವಾಸ್ (ಎಲ್ಲಾ ಒಟ್ಟಿಗೆ ಬಿಡಿಸೋ ಒಂದೇ ಹಾಳೆ) ಮೇಲೆ ವೃತ್ತ ಬಿಡಿಸಿದ್ರೆ ಎಷ್ಟೋ ಹಗುರ ಆಗತ್ತೆ. ಒಂದು ಇಡೀ ದೇಶದ ಡೇಟಾ ಬೇಕು ಅಂದ್ರೆ ವೆಕ್ಟರ್ ಟೈಲ್ (ಚಿತ್ರದ ಬದಲು ಬಿಂದು, ಗೆರೆಗಳ ಡೇಟಾ ಇರೋ ಟೈಲ್) ಮಾಡಿ ಮ್ಯಾಪ್‌ಲಿಬ್ರೆಯಲ್ಲಿ ತೋರಿಸೋದು ಒಳ್ಳೇದು, 2020ರ ಡಿಸೆಂಬರ್‌ನಲ್ಲಿ ಮ್ಯಾಪ್‌ಬಾಕ್ಸ್ ಕಂಪನಿ ತನ್ನ ಲೈಬ್ರರಿಯ ಲೈಸೆನ್ಸ್ ಬದಲಾಯಿಸಿದಾಗ ಹಳೇ ಓಪನ್ ಕೋಡ್ ಇಟ್ಕೊಂಡು ಕವಲೊಡೆದ ಲೈಬ್ರರಿ ಇದು, ಗ್ರಾಫಿಕ್ಸ್ ಚಿಪ್ ಬಳಸೋದ್ರಿಂದ ಲಕ್ಷ ಚುಕ್ಕೆ ಆದ್ರೂ ಜಾರ್ಕೊಂಡು ಹೋಗತ್ತೆ. ಟೈಲ್‌ಗಳನ್ನ ಪಿಎಂಟೈಲ್ಸ್ ಅಂತ ಒಂದೇ ಫೈಲ್ ಮಾಡಿ ಯಾವುದಾದ್ರೂ ಸಾದಾ ಹೋಸ್ಟಿಂಗ್‌ನಲ್ಲಿ ಇಟ್ರೆ ಬ್ರೌಸರ್ ತನಗೆ ಬೇಕಾದ ತುಂಡನ್ನ ಮಾತ್ರ ಎತ್ಕೊಳತ್ತೆ, ಬೇರೆ ಸರ್ವರ್ ಓಡಿಸೋ ತಾಪತ್ರಯ ಇಲ್ಲ. ಒಂದು ವಿಷಯ ನೆನಪಿರಲಿ, ಟಿಪ್ಪಕನೂ ಅಂತ ಟೈಲ್ ಮಾಡೋ ಟೂಲು ಕಡಿಮೆ ಜೂಮ್‌ಗಳಲ್ಲಿ ಚುಕ್ಕೆಗಳನ್ನ ತಾನಾಗೇ ಉದುರಿಸತ್ತೆ, ಡ್ರಾಪ್ ರೇಟ್ 1 ಅಂತ ಕೊಟ್ಟು ಅದನ್ನ ನಿಲ್ಲಿಸ್ಬೇಕು, ಇಲ್ದಿದ್ರೆ ಡೇಟಾದಲ್ಲಿ ಇಲ್ಲ ಅಂತ ಜನ ಅಂದ್ಕೊಳೋ ಸ್ಟಾಪು ಟೂಲ್ ಬಿಸಾಕಿದ್ದು ಆಗಿರತ್ತೆ.

ಹಿನ್ನೆಲೆಯ ಮ್ಯಾಪ್‌ಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನವರ ಟೈಲ್ ಸರ್ವರ್‌ನ ನೇರವಾಗಿ ಜಗ್ಗಬಾರದು. ಅದು ದೇಣಿಗೆಯಲ್ಲಿ ನಡೆಯೋದು, ಜಾಸ್ತಿ ಬಳಕೆಗೆ ಅಲ್ಲ ಅಂತ ಅವರ ಪಾಲಿಸಿಯಲ್ಲೇ ಇದೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸ್ಟಾಪ್‌ಗಳನ್ನ ಇನ್ನೊಂದು ಲೇಯರ್ ಆಗಿ ಸೇರಿಸಿದ್ಮೇಲೆ ಈ ವ್ಯೂವರ್ ನಿಜವಾಗ್ಲೂ ಕೆಲಸಕ್ಕೆ ಬಂತು ಅಂತ ಅನ್ಸತ್ತೆ. ಸಂಸ್ಥೆಯ ಡೇಟಾ ಒಂದು ಆಕಾರ, ಜನ ಬರೆದಿರೋ ಡೇಟಾ ಇನ್ನೊಂದು ಆಕಾರ, ಎರಡೂ ಒಂದೇ ಸ್ಟಾಪ್ ಅಂತ ಗೊತ್ತಾದ್ರೆ ಮಧ್ಯೆ ಗೆರೆ. ಯಾವುದು ಸರಿ ಅಂತ ವ್ಯೂವರ್ ಹೇಳಲ್ಲ, ಇಬ್ಬರೂ ಹೇಳೋದನ್ನ ಪಕ್ಕಪಕ್ಕ ಇಡತ್ತೆ. ಜೋಡಿ ಹೊಂದಿಸೋದೇ ಇಲ್ಲಿ ಕಷ್ಟದ ಕೆಲಸ. 50 ಮೀಟರ್ ಒಳಗೆ ಹತ್ತಿರದ್ದು ಯಾವುದೋ ಅದನ್ನೇ ಹಿಡಿ ಅಂದ್ರೆ ಎದುರು ಬದಿಯ ಸ್ಟಾಪಿಗೆ ಹೋಗಿ ಜೋಡಿ ಆಗತ್ತೆ, ಯಾಕಂದ್ರೆ ಎದುರು ಬದಿ ಅಷ್ಟು ದೂರ ಇರೋದೇ ಇಲ್ಲ. ಹೆಸರು ನೋಡಿ ಹೊಂದಿಸೋಣ ಅಂದ್ರೆ ಎರಡೂ ಬದಿಗೂ ಒಂದೇ ಹೆಸರು, ಮೇಲಿಂದ ಒಬ್ಬರು ಪೂರ್ತಿ ಬರೆದಿರ್ತಾರೆ, ಇನ್ನೊಬ್ಬರು ಚಿಕ್ಕದು ಮಾಡಿರ್ತಾರೆ. ಈಗ ಮೊದಲು ಐಡಿ ನೋಡ್ತೀನಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರೆಫ್ ಅನ್ನೋ ಟ್ಯಾಗೋ ಜಿಟಿಎಫ್‌ಎಸ್ ಐಡಿ ಟ್ಯಾಗೋ ಇದ್ರೆ ಮುಗೀತು. ಇಲ್ಲ ಅಂದ್ರೆ ಹೆಸರು, ದೂರ, ರಸ್ತೆಯ ಯಾವ ಬದಿ ಅನ್ನೋ ಮೂರನ್ನೂ ಸೇರಿಸಿ ಅಂಕ ಕೊಟ್ಟು, ಒಂದಕ್ಕೆ ಒಂದೇ ಜೋಡಿ ಅನ್ನೋ ನಿಯಮ ಇಟ್ಟು ಹೊಂದಿಸ್ತೀನಿ. ಐಡಿಯಿಂದ ಆದ ಜೋಡಿಗೆ ಗಟ್ಟಿ ಗೆರೆ, ಅಂದಾಜಿನ ಜೋಡಿಗೆ ಚುಕ್ಕಿ ಗೆರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇನ್ನೊಂದು ತೊಡಕು ಏನಂದ್ರೆ, 2011ರಲ್ಲಿ ಒಪ್ಪಿಗೆಯಾದ ಹೊಸ ಪದ್ಧತಿಯ ಪ್ರಕಾರ ಬಸ್ಸು ನಿಲ್ಲೋ ಜಾಗ ರಸ್ತೆ ಗೆರೆಯ ಮೇಲೆ ಒಂದು, ಜನ ಕಾಯೋ ಪ್ಲಾಟ್‌ಫಾರ್ಮ್ ಬದಿಯಲ್ಲಿ ಒಂದು ಅಂತ ಎರಡು ಇರಬಹುದು, ಹೋಲಿಸೋಕೆ ಜನ ಕಾಯೋ ಜಾಗಾನೇ ತಗೋಬೇಕು.

ಈ ಗೆರೆಗಳು ಒಂದೊಂದೇ ಸ್ಟಾಪಿನ ತಪ್ಪಿಗಿಂತ ದೊಡ್ಡ ತಪ್ಪನ್ನೂ ತೋರಿಸ್ತವೆ. ಒಂದು ಏರಿಯಾದ ಗೆರೆಗಳೆಲ್ಲ ಒಂದೇ ದಿಕ್ಕಿಗೆ, ಒಂದೇ ಉದ್ದಕ್ಕೆ ವಾಲಿಕೊಂಡಿದ್ರೆ ಅಲ್ಲಿ ಸ್ಟಾಪ್ ಯಾವುದೂ ಜರುಗಿಲ್ಲ, ಕೋಆರ್ಡಿನೇಟ್ ಸಿಸ್ಟಂ ಬದಲಾಯಿಸೋವಾಗ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಬ್ರಿಟನ್ನಿನ ಹಳೇ ಸರ್ವೆಯ ಅಕ್ಷಾಂಶ ರೇಖಾಂಶನ ಜಿಪಿಎಸ್ ಬಳಸೋ ಡಬ್ಲ್ಯೂಜಿಎಸ್ 84 ಅಂತ ಹಾಗೇ ಓದಿದ್ರೆ ಸುಮಾರು 100 ಮೀಟರ್ ಸರಿಯತ್ತೆ, ಅದು ಇಂಥ ತಪ್ಪಿಗೆ ಎಲ್ಲರೂ ಕೊಡೋ ಉದಾಹರಣೆ. ಇನ್ನು ನ್ಯಾಪ್ಟಾನ್ ಡೇಟಾನ 2009ರ ಹೊತ್ತಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ತುಂಬಿಸಿದಾಗ ಪ್ರತಿ ಸ್ಟಾಪಿಗೂ ಇನ್ನೂ ಪರಿಶೀಲನೆ ಆಗಿಲ್ಲ ಅನ್ನೋ ಟ್ಯಾಗ್ ಹಾಕಿದ್ರು, ಯಾರಾದ್ರೂ ಸ್ಥಳಕ್ಕೆ ಹೋಗಿ ನೋಡಿದ್ಮೇಲೆ ತೆಗೀಲಿ ಅಂತ. ನನಗೆ ಆ ಯೋಚನೆ ತುಂಬಾ ಹಿಡಿಸಿದೆ. ಅದಕ್ಕೇ ವ್ಯೂವರ್‌ನಲ್ಲಿ ಎರಡು ಲೇಯರ್ ಮಧ್ಯೆ ಕಾಪಿ ಮಾಡೋ ಬಟನ್ ಬೇಕಂತಲೇ ಇಟ್ಟಿಲ್ಲ, ಲೈಸೆನ್ಸ್‌ಗಳು ಬೇರೆ ಬೇರೆ, ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಒಟ್ಟೊಟ್ಟಿಗೆ ಡೇಟಾ ಸುರಿಯೋ ಮುಂಚೆ ಅಲ್ಲಿನವರ ಜೊತೆ ಚರ್ಚೆ ಮಾಡ್ಬೇಕು ಅನ್ನೋ ನಿಯಮಾನೂ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ತಪ್ಪು ಎರಡು ಕಡೆ ಸೇರ್ಕೊಂಡ್ರೆ ಆಮೇಲೆ ಹೋಲಿಸಿ ಹಿಡಿಯೋಕೆ ದಾರಿನೇ ಇರಲ್ಲ.

ಗಾಲಿಕುರ್ಚಿಯ ಮಾಹಿತಿ ತೋರಿಸೋವಾಗ ದಯವಿಟ್ಟು ಎಲ್ಲರೂ ಒಂದು ವಿಷಯ ಗಮನಿಸಿ. ವೀಲ್‌ಚೇರ್ ಬೋರ್ಡಿಂಗ್ ಅನ್ನೋ ಕಾಲಂನಲ್ಲಿ 1 ಅಂದ್ರೆ ಹತ್ತೋಕೆ ಆಗತ್ತೆ, ಕೆಲವು ಬಸ್ಸುಗಳಿಗಾದ್ರೂ, 2 ಅಂದ್ರೆ ಆಗಲ್ಲ, 0 ಅಥವಾ ಖಾಲಿ ಅಂದ್ರೆ ಮಾಹಿತಿನೇ ಇಲ್ಲ (ಪೇರೆಂಟ್ ಸ್ಟೇಷನ್ ಇದ್ರೆ ಅದರಲ್ಲಿರೋ ಮಾಹಿತಿನೇ ಅನ್ವಯಿಸತ್ತೆ). 0 ನೋಡಿ ಇಲ್ಲ ಅಂತ ತೋರಿಸಿದ್ರೆ ಅಲ್ಲಿಗೆ ಹೋಗಬಹುದಾಗಿದ್ದವರನ್ನ ನಾವೇ ತಡೆದ ಹಾಗೆ, ಹೌದು ಅಂತ ತೋರಿಸಿದ್ರೆ ಇನ್ನೂ ಕೆಟ್ಟದು. ಮೂರಕ್ಕೂ ಮೂರು ಬೇರೆ ಗುರುತು ಬೇಕು, ಮಾಹಿತಿ ಇಲ್ಲ ಅನ್ನೋದು ಪ್ರಶ್ನೆ ಚಿಹ್ನೆಯಾಗಿ ಎದ್ದು ಕಾಣ್ಬೇಕು, ಅದು ತುಂಬೋ ಕೆಲಸ ಎಷ್ಟು ಬಾಕಿ ಇದೆ ಅಂತ ಮ್ಯಾಪ್ ನೋಡಿದ ಕೂಡ್ಲೇ ತಿಳಿಯತ್ತೆ. ಬಣ್ಣದ ಜೊತೆ ಆಕಾರಾನೂ ಬದಲಾಗ್ಬೇಕು, ಕೆಂಪು ಹಸಿರು ವ್ಯತ್ಯಾಸ ಕಾಣದೇ ಇರೋರು ಬಹಳ ಜನ ಇದಾರೆ. ಬೆರಳಲ್ಲಿ ಒತ್ತೋಕೆ ಜಾಗಾನೂ ಬೇಕು, 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2 (ವೆಬ್ ಎಲ್ಲರಿಗೂ ಬಳಸೋಕೆ ಆಗೋ ಹಾಗೆ ಮಾಡೋ ಮಾರ್ಗಸೂಚಿ) ಕನಿಷ್ಠ 24 ಪಿಕ್ಸೆಲ್ ಅನ್ನತ್ತೆ, ಚುಕ್ಕೆ ಸಣ್ಣದಿದ್ರೂ ಅದರ ಸುತ್ತ ಕಾಣದ ಒಂದು ವೃತ್ತ ಇಟ್ಟು ಒತ್ತಿದ್ದು ತಿಳಿಯೋ ಹಾಗೆ ಮಾಡ್ಬೋದು, ಒತ್ತಿದ ಕಡೆ ಎರಡು ಮೂರು ಸ್ಟಾಪ್ ಇದ್ರೆ ಯಾವುದು ಅಂತ ಪಟ್ಟಿ ಕೊಟ್ಟು ಕೇಳ್ಬೇಕು.

ಕನ್ನಡದಲ್ಲಿ ಹೆಸರು ಇರೋ ಡೇಟಾ ಹಾಕಿ ನೋಡೋರಿಗೆ ಒಂದು ಮಾತು. ಗ್ರಾಫಿಕ್ಸ್ ಚಿಪ್‌ನಲ್ಲಿ ಅಕ್ಷರ ಬಿಡಿಸೋ ಮ್ಯಾಪ್ ಲೈಬ್ರರಿಗಳು ಒಂದೊಂದು ಯೂನಿಕೋಡ್ ಕೋಡಿಗೆ ಒಂದೊಂದು ಚಿತ್ರ ಅಂತ ಇಟ್ಕೊಂಡಿರ್ತವೆ, ನಮ್ಮ ಲಿಪಿಗೆ ಅದು ಸಾಕಾಗಲ್ಲ. ನಾನು ಬಳಸ್ತಿರೋ ವರ್ಶನ್‌ನಲ್ಲಿ ರಸ್ತೆ ಅಂತ ಇದ್ರೆ ಒತ್ತಕ್ಷರ ಕೆಳಗೆ ಹೋಗದೇ ಸ, ತ ಪಕ್ಕಪಕ್ಕ ಬಿಡಿಬಿಡಿಯಾಗಿ ನಿಂತ್ಕೊಳ್ತವೆ, ಓದೋಕೇ ಆಗಲ್ಲ. ಬ್ರೌಸರ್‌ಗೆ ಮಾತ್ರ ಒತ್ತು, ಗುಣಿತ ಎಲ್ಲಾ ಸರಿಯಾಗಿ ಜೋಡಿಸೋದು ಗೊತ್ತು. ಅದಕ್ಕೆ ಚುಕ್ಕೆ ಬಿಡಿಸೋದು ಲೈಬ್ರರಿಗೆ ಬಿಟ್ಟು, ಹೆಸರುಗಳನ್ನ ಮಾತ್ರ ಮೇಲಿನ ಪದರದಲ್ಲಿ ಸಾಮಾನ್ಯ ಪೇಜ್ ಬರಹ ಮಾಡಿ ಹಾಕಿದೀನಿ, ಹತ್ತಿರದ ಜೂಮ್‌ನಲ್ಲಿ ಪರದೆಯಲ್ಲಿ ಕಾಣೋ ಅಷ್ಟಕ್ಕೆ ಮಾತ್ರ, ಆಗ ನಿಧಾನವೂ ಆಗಲ್ಲ. ಹುಡುಕೋ ಪೆಟ್ಟಿಗೆಯಲ್ಲೂ ಒಂದು ಸೂಕ್ಷ್ಮ ಇದೆ: ಒತ್ತು ಬಾರದ ಹಾಗೆ ತಡೆಯೋಕೆ ಮಧ್ಯೆ ಹಾಕೋ ಕಾಣದ ಅಕ್ಷರ ಒಬ್ಬರು ಟೈಪ್ ಮಾಡಿದ್ರಲ್ಲಿ ಇರತ್ತೆ, ಇನ್ನೊಬ್ಬರದ್ರಲ್ಲಿ ಇರಲ್ಲ, ಹೆಚ್ಚು ಕಡಿಮೆ ಒಂದೇ ಹೆಸರು, ಹುಡುಕಿದ್ರೆ ಸಿಗಲ್ಲ. ಹುಡುಕೋವಾಗ ಅದನ್ನ ಎರಡೂ ಕಡೆಯಿಂದ ತೆಗೆದು ಹೋಲಿಸ್ಬೇಕು, ಡೇಟಾದಲ್ಲಿರೋದನ್ನ ಮುಟ್ಟಬಾರದು.

ಮ್ಯಾಪ್ ಮೇಲೆ ಕಾಣೋದೇ ಇಲ್ದಿರೋ ತಪ್ಪುಗಳಿಗೆ ಪಕ್ಕದಲ್ಲಿ ಒಂದು ಪಟ್ಟಿ ಬೇಕೇ ಬೇಕು. ಅಕ್ಷಾಂಶ ರೇಖಾಂಶ ಎರಡೂ 0 ಇದ್ರೆ ಸ್ಟಾಪು ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ಸಮುದ್ರದಲ್ಲಿ ಬೀಳತ್ತೆ, ಎರಡೂ ಅದಲುಬದಲಾದ್ರೆ ಇನ್ನೆಲ್ಲೋ, ಯಾರೂ ಅಲ್ಲಿಗೆ ಹೋಗಿ ನೋಡಲ್ಲ. ಅದಲುಬದಲು ಆಗೋದಕ್ಕೆ ಕಾರಣಾನೂ ಇದೆ, ಜಿಯೋಜೇಸನ್ ಅನ್ನೋ ಮ್ಯಾಪ್ ಡೇಟಾ ಫಾರ್ಮ್ಯಾಟ್‌ನಲ್ಲಿ ರೇಖಾಂಶ ಮೊದಲು, ಲೀಫ್‌ಲೆಟ್‌ನಲ್ಲಿ ಅಕ್ಷಾಂಶ ಮೊದಲು. ಉಳಿದ ಸ್ಟಾಪ್‌ಗಳಿಂದ ತುಂಬಾ ದೂರ ಇರೋದೆಲ್ಲ ಪಟ್ಟಿಯಲ್ಲಿ ಬರತ್ತೆ, ಮತ್ತೆ ವ್ಯೂವರ್ ತೆರೆದಾಗ ಮ್ಯಾಪ್ ಅವುಗಳನ್ನೂ ಸೇರಿಸ್ಕೊಂಡು ಇಡೀ ಭೂಮಿ ತೋರಿಸದೇ ಇರೋ ಹಾಗೆ ಅವನ್ನ ಬಿಟ್ಟು ಲೆಕ್ಕ ಹಾಕ್ಬೇಕು.

ಈಗ ಕೈಯಲ್ಲಿರೋ ಕೆಲಸ ಎರಡು ತಾರೀಖಿನ ಫೀಡ್‌ಗಳನ್ನ ಹೋಲಿಸೋದು. ಯಾವ ಸ್ಟಾಪು ಹೊಸದು, ಯಾವುದು ಹೋಯ್ತು, ಯಾವುದು ಜರುಗಿತು, ಜರುಗಿದ್ದಕ್ಕೆ ಹಳೇ ಜಾಗದಿಂದ ಹೊಸ ಜಾಗಕ್ಕೆ ಒಂದು ಬಾಲ. ಐಡಿಗಳು ಒಂದು ಫೀಡಿನಿಂದ ಮುಂದಿನ ಫೀಡಿಗೆ ಹಾಗೇ ಉಳೀಬೇಕು ಅಂತ ಬೆಸ್ಟ್ ಪ್ರಾಕ್ಟೀಸ್ ಹೇಳತ್ತೆ, ಆದ್ರೆ ಕಡ್ಡಾಯ ಅಲ್ಲ, ಪ್ರತಿ ಸಲ ಹೊಸ ಐಡಿ ಹಾಕಿಬಿಟ್ರೆ ಎಲ್ಲಾ ಸ್ಟಾಪೂ ಅಳಿಸಿ ಎಲ್ಲಾನೂ ಹೊಸದಾಗಿ ಬಂತು ಅನ್ನೋ ತರ ಮ್ಯಾಪ್ ತುಂಬಾ ಕೆಂಪು ಹಸಿರು. ಅಂಥಾ ಕಡೆ ಐಡಿ ಬಿಟ್ಟು ಕಂಬದ ಮೇಲೆ ಬರೆದಿರೋ ಸ್ಟಾಪ್ ಕೋಡ್ ಹಿಡಿದು ಹೊಂದಿಸ್ತೀನಿ, ಅದೂ ಇಲ್ಲ ಅಂದ್ರೆ ಹೆಸರು ಮತ್ತು ಜಾಗ, ಮೇಲ್ಗಡೆ ಐಡಿಗಳು ಬದಲಾಗಿವೆ ಅಂತ ಒಂದು ಸಾಲು ಬರೀತೀನಿ.

ತಪ್ಪು ಸಿಕ್ಕಿದ್ಮೇಲೆ ಅದನ್ನ ಯಾರಿಗೆ ಹೇಳೋದು ಅನ್ನೋದೂ ವ್ಯೂವರ್‌ನ ಕೆಲಸಾನೇ ಅಂತ ನಾನು ತಿಳ್ಕೊಂಡಿದೀನಿ. ಪಾಪಪ್‌ನಲ್ಲಿ ಒಂದು ಬಟನ್ ಇದೆ, ಒತ್ತಿದ್ರೆ ಸ್ಟಾಪ್ ಐಡಿ, ಹೆಸರು, ಈಗಿರೋ ಜಾಗ, ನೀವು ಚುಕ್ಕೆ ಎಳೆದು ತೋರಿಸಿದ ಜಾಗ, ಫೀಡಿನ ವರ್ಶನ್, ಇದೇ ಜಾಗ ಇದೇ ಜೂಮ್‌ಗೆ ತೆರೆಯೋ ಲಿಂಕ್ ಎಲ್ಲಾ ಸೇರಿ ಒಂದು ಬರಹ ತಯಾರಾಗತ್ತೆ, ಕಾಪಿ ಮಾಡ್ಕೊಂಡು ಕಳಿಸ್ಬೋದು. ಯಾರಿಗೆ ಅನ್ನೋದನ್ನ ಫೀಡ್‌ನಲ್ಲೇ ಹುಡುಕ್ತೀನಿ: ಫೀಡ್ ಇನ್ಫೋ ಫೈಲ್‌ನಲ್ಲಿ ಡೇಟಾ ಬಗ್ಗೆ ಬರೆಯೋಕೆ ಅಂತಾನೇ ಒಂದು ಇಮೇಲ್ ಕಾಲಂ ಇದೆ, ಅದು ಖಾಲಿ ಇದ್ರೆ ಏಜೆನ್ಸಿ ಫೈಲ್‌ನ ಇಮೇಲ್, ಅದೂ ಖಾಲಿ ಇದ್ರೆ ಏಜೆನ್ಸಿಯ ವೆಬ್‌ಸೈಟ್ ವಿಳಾಸ, ಅದು ಕಡ್ಡಾಯ ಕಾಲಂ ಆದ್ದರಿಂದ ನಿಯಮ ಪಾಲಿಸಿರೋ ಫೀಡ್‌ನಲ್ಲಿ ಅಷ್ಟಾದ್ರೂ ಸಿಗತ್ತೆ.